ನೀರು ದಾಟಿಸಿದ ಚಿತ್ರಗಳು

ಕಳೆದ ಬೇಸಿಗೆಯ ರಜೆಗೆ ಬೆಂಗಳೂರಿನಿಂದ ಬಂದಿದ್ದ ಮೊಮ್ಮಗ ವಿಜಯಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು, ಅಂಗೈಯಗಲದ ‘ಮಾರುತ್’ ವಿಮಾನದ ಮಾದರಿಯೊಂದಕ್ಕೆ ಬಣ್ಣ ಬಳಿಯುತ್ತಿದ್ದ. 1961ರಲ್ಲಿ ಬೆಂಗಳೂರಿನ ಆಕಾಶದಲ್ಲಿ ಮೊದಲು ಹಾರಿದ ನಮ್ಮದೇ ಯುದ್ಧವಿಮಾನವದು. ಬಣ್ಣ ಒಣಗಿದ ಮೇಲೆ, ವಾಯುಪಡೆಯ ಕೇಸರಿ, ಬಿಳಿ, ಹಸಿರು ವೃತ್ತವಿದ್ದ ಕಾಗದದ ಚೂರನ್ನು ಬಟ್ಟಲಿನ ನೀರಿನಲ್ಲಿ ಅರ್ಧ ನಿಮಿಷ ನೆನೆಸಿ, ಕುಂಚದ ತುದಿಯಿಂದ ಚಿತ್ರವನ್ನಷ್ಟೇ ರೆಕ್ಕೆಯ ಮೇಲೆ ಜಾರಿಸಿದ. ಅದಕ್ಕೆ ‘ಡೆಕಾಲ್’ ಎಂದು ಹೆಸರಂತೆ.

ಹೆಸರು ನನಗೆ ಹೊಸದು, ಕೆಲಸ ಹಳೆಯದು. ಬಬಲೇಶ್ವರದಲ್ಲಿ ನಾನು ಮಾಸ್ತರನಾಗಿದ್ದ ಕಾಲಕ್ಕೆ ಅಲ್ಲಿನ ಸೈಕಲ್ ಅಂಗಡಿಯವನು ಹಳೆಯ ಚೌಕಟ್ಟಿಗೆ ಹೊಸ ಬಣ್ಣ ಹೊಡೆದು, ಕಂಪನಿಯ ಗುರುತನ್ನು ಹೀಗೆಯೇ ನೆನೆಸಿ ಅಂಟಿಸುತ್ತಿದ್ದ. ಕಾಗದದ ಮೇಲೆ ನೀರಿನಲ್ಲಿ ಕರಗುವ ಅಂಟಿನ ಲೇಪ, ಅದರ ಮೇಲೆ ತೆಳುವಾದ ಪೊರೆ, ಪೊರೆಯ ಮೇಲೆ ಚಿತ್ರ. ಅಂಟು ಕರಗಿತೆಂದರೆ ಪೊರೆ ಸಡಿಲವಾಗಿ ಜಾರುತ್ತದೆ. ಫ್ರೆಂಚರ ‘ಡೆಕಾಲ್ಕೊಮಾನಿ’ ಎಂಬ ಮಾತು ಮೊಟಕಾಗಿ ಡೆಕಾಲ್ ಆಯಿತು. 19ನೆಯ ಶತಮಾನದಲ್ಲಿ ಯುರೋಪಿನವರಿಗೆ ಇಂಥ ಚಿತ್ರಗಳನ್ನು ಕಂಡಕಂಡ ವಸ್ತುಗಳಿಗೆ ಅಂಟಿಸುವ ಹುಚ್ಚು ಹಿಡಿದಿತ್ತು.

ಮೊಮ್ಮಗನ ಮೊದಲ ವೃತ್ತ ಕೆಟ್ಟಿತು. ಒಣಗಿದ ಮೇಲೆ ಅದರ ಅಂಚೆಲ್ಲ ಬೆಳ್ಳಿಯಂತೆ ಬೆಳ್ಳಗೆ ಹೊಳೆಯತೊಡಗಿತು. ಹೊಳಪಿಲ್ಲದ ಬಣ್ಣದ ಮೈ ಒರಟು. ಪೊರೆಯ ಕೆಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ಎರಡನೆಯ ರೆಕ್ಕೆಗೆ ಮೊದಲು ಹೊಳಪಿನ ವಾರ್ನಿಶ್ ಬಳಿದು, ಆಮೇಲೆ ಚಿತ್ರ ಜಾರಿಸಿ, ಒದ್ದೆ ಅರಿವೆಯಿಂದ ನಡುವಿನಿಂದ ಅಂಚಿನತ್ತ ಮೆಲ್ಲಗೆ ಒತ್ತಿದ. ಅದು ಬರೆದಷ್ಟೇ ಚೆನ್ನಾಗಿ ಕುಳಿತಿತು.

ಅವನ ಬಟ್ಟಲನ್ನು ನೋಡುತ್ತಿದ್ದಾಗ ನನ್ನ ಮನಸ್ಸು ಈ ಊರಿನ ಆದಿಲಶಾಹಿ ಕಾಲಕ್ಕೆ ಹೋಯಿತು. ನೀರಿನಿಂದ ಚಿತ್ರವನ್ನು ಎತ್ತಿಕೊಳ್ಳುವ ವಿದ್ಯೆ ಆಗಲೇ ಇಲ್ಲಿತ್ತು. ಪಾರಸಿಯಲ್ಲಿ ಅದಕ್ಕೆ ‘ಅಬ್ರಿ’ ಎನ್ನುತ್ತಾರೆ. ಅಬ್ರ್ ಎಂದರೆ ಮೋಡ.

ಅಗಲವಾದ ತಟ್ಟೆಯಲ್ಲಿ ಮೆಂತ್ಯದ ಲೋಳೆಯನ್ನೋ ಗಿಡದ ಅಂಟನ್ನೋ ಕದಡಿ ನೀರನ್ನು ಮಂದಗೊಳಿಸುವುದು. ಎತ್ತಿನ ಪಿತ್ತರಸ ಬೆರೆಸಿದ ಬಣ್ಣವನ್ನು ಅದರ ಮೇಲೆ ತೊಟ್ಟುತೊಟ್ಟಾಗಿ ಹಾಕುವುದು. ಪಿತ್ತರಸವಿರುವುದರಿಂದ ಬಣ್ಣ ಮುಳುಗದೆ ತೇಲಿ ಹರಡುತ್ತದೆ. ಕಡ್ಡಿಯಿಂದಲೋ ಹಣಿಗೆಯಿಂದಲೋ ಎಳೆದರೆ ಅಲೆಗಳು ಮೂಡುತ್ತವೆ. ಪಟಕದ ನೀರು ಸವರಿ ಒಣಗಿಸಿದ ಕಾಗದವನ್ನು ಮೇಲೆ ಹಾಸಿ ಎತ್ತಿದರೆ ಅಲೆಗಳೆಲ್ಲ ಕಾಗದಕ್ಕೆ ಬರುತ್ತವೆ. ಒಮ್ಮೆ ಕೈ ನಡುಗಿದರೆ ಮುಗಿಯಿತು, ಅದೇ ಅಲೆ ಮತ್ತೆ ಸಿಗದು.

ಇರಾನ್, ತುರ್ಕಿಗಳಲ್ಲಿಯೂ ಈ ಕಾಗದವಿತ್ತು. ಅಲ್ಲಿ ಅದು ಹೆಚ್ಚಾಗಿ ಪುಸ್ತಕದ ಅಂಚಿಗೆ, ರಟ್ಟಿಗೆ ಒದಗುತ್ತಿತ್ತು. ವಿಜಯಪುರದ ಕಲಾವಿದರು ಅದರಲ್ಲಿ ಪ್ರಾಣಿ, ಮನುಷ್ಯರ ಆಕೃತಿಗಳನ್ನೇ ಮೂಡಿಸಿದರು. ಬಣ್ಣ ತಾಗಬಾರದ ಭಾಗವನ್ನು ಕತ್ತರಿಸಿದ ಕಾಗದದಿಂದಲೋ ಅಂಟಿನ ಲೇಪದಿಂದಲೋ ಮುಚ್ಚಿ, ಉಳಿದುದಕ್ಕಷ್ಟೇ ಅಲೆ ಹಿಡಿಸಿ, ಆಮೇಲೆ ಕುಂಚದಿಂದ ಗೆರೆ ತೀಡುತ್ತಿದ್ದರು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ 17ನೆಯ ಶತಮಾನದ ಇಂಥದೊಂದು ಚಿತ್ರವಿದೆ: ಎಲುಬಿನ ಹಂದರವಾದ ಕುದುರೆ, ಮೇಲೊಬ್ಬ ಸವಾರ. ಬಡಕಲು ಕುದುರೆಯೆಂದರೆ ಸೂಫಿಗಳು ಪಳಗಿಸಿದ ದೇಹಾಸೆಯ ಸಂಕೇತವೆಂದು ಬಲ್ಲವರು ಅರ್ಥ ಹೇಳುತ್ತಾರೆ. ಇರಬಹುದು. ಬರಗಾಲದ ಸೀಮೆಯವನಾದ ನನಗೆ ಅದು ಮೊದಲಿಗೆ ಹಸಿದ ಕುದುರೆಯಾಗಿಯೇ ಕಾಣುತ್ತದೆ.

ಡೆಕಾಲ್ ಅಬ್ರಿಯಿಂದ ಹುಟ್ಟಿತೆಂದು ನಾನು ಹೇಳುತ್ತಿಲ್ಲ. ‘ಎಲ್ಲವೂ ನಮ್ಮಲ್ಲಿಯೇ ಮೊದಲು’ ಎಂಬ ಮಾತು ಇತಿಹಾಸದ ಮಾಸ್ತರನಿಗೆ ಶೋಭಿಸದು. ಒಂದರಲ್ಲಿ ಚಿತ್ರ ಮೊದಲೇ ಅಚ್ಚಾಗಿರುತ್ತದೆ, ನೀರು ಅದನ್ನು ಬಿಡಿಸುತ್ತದೆ ಅಷ್ಟೆ. ಇನ್ನೊಂದರಲ್ಲಿ ಚಿತ್ರ ಹುಟ್ಟುವುದೇ ನೀರಿನ ಮೇಲೆ. ನನ್ನ ಕೊರಗು ಬೇರೆ. ಡೆಕಾಲ್ ಅಂಟಿಸುವುದನ್ನು ಮೊಮ್ಮಗ ಎಲ್ಲಿಂದಲೋ ಕಲಿತು ಬಂದ. ಅಬ್ರಿಯ ಹೆಸರನ್ನಾದರೂ, ಅದು ಅರಳಿದ ಊರಿನಲ್ಲಿಯೇ ಪಾಠ ಹೇಳಿದ ನಾನು, ಒಮ್ಮೆಯೂ ತರಗತಿಯಲ್ಲಿ ಎತ್ತಲಿಲ್ಲ. ಗೋಳಗುಮ್ಮಟದ ಅಳತೆಗಳನ್ನು ಮಾತ್ರ ಬಾಯಿಪಾಠ ಮಾಡಿಸಿದೆ.

ಕಾಗದದ ಕಲೆಗೆ ಕಲ್ಲಿನ ಆಯುಷ್ಯವಿಲ್ಲವೆಂಬುದೂ ನಿಜ. 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲಶಹ ಸಂಗೀತ, ಚಿತ್ರಕಲೆಗಳಿಗೆ ಮನಸೋತವನು. ತಿಕೋಟಾ ದಾರಿಯಲ್ಲಿ ಸಿಗುವ ತೊರವಿಯ ಬಳಿ 1599ರಲ್ಲಿ ನವರಸಪುರ ಕಟ್ಟಲು ತೊಡಗಿದ. 1624ರಲ್ಲಿ ಮಲಿಕ್ ಅಂಬರನ ದಂಡು ಅದನ್ನು ಹಾಳುಗೆಡವಿತು. 1686ರಲ್ಲಿ ಊರು ಔರಂಗಜೇಬನ ವಶವಾಯಿತು. ಅಸಾರ್ ಮಹಲಿನಲ್ಲಿ ಉಳಿದಿದ್ದ ಹಸ್ತಪ್ರತಿಗಳನ್ನು 1853ರಲ್ಲಿ ಬ್ರಿಟಿಷರು ಲಂಡನ್ನಿಗೆ ಸಾಗಿಸಿದರು. ಅಬ್ರಿ ಚಿತ್ರಗಳೂ ದೇಶದೇಶಗಳಿಗೆ ಚದುರಿವೆ. ನಾನು ಕುದುರೆಯನ್ನು ಕಂಡದ್ದು ಕಂಪ್ಯೂಟರಿನ ಪರದೆಯ ಮೇಲೆ.

ಮೊಮ್ಮಗನಿಗೆ ಇದನ್ನೆಲ್ಲ ಹೇಳಿದ ಮರುದಿನ ಅವನು ಅಜ್ಜಿಯ ಡಬ್ಬಿಯಿಂದ ಮೆಂತ್ಯ ತೆಗೆದು ನೆನೆಹಾಕಿದ. ಲೋಳೆ ಚೆನ್ನಾಗಿಯೇ ಬಂದಿತು. ಪಿತ್ತರಸವನ್ನು ಎಲ್ಲಿಂದ ತರುವುದು? ವಿಮಾನಕ್ಕೆ ಬಳಿದು ಉಳಿದ ಬಣ್ಣವನ್ನೇ ಹನಿಸಿದ; ಅದು ಗಂಟುಗಂಟಾಗಿ ತಟ್ಟೆಯ ತಳ ಸೇರಿತು. ‘ಅಜ್ಜಾ, ನಿಮ್ಮ ಮೋಡ ಮುಳುಗಿತಲ್ಲ!’ ಎಂದು ನಕ್ಕ. ದೀಪಾವಳಿಗೆ ಬರುವಾಗ ಬೇರೆ ಬಣ್ಣ ತರುತ್ತೇನೆಂದು ಹೇಳಿ ಹೋಗಿದ್ದಾನೆ.