ಆರು ಪೌಂಡಿನ ನಾವಿಕ

ಯುದ್ಧವಿಲ್ಲದ ವರ್ಷಗಳಲ್ಲಿ ನಾವಿಕರಿಗೆ ಸುಮ್ಮನೆ ಸಂಬಳ ಕೊಡುವುದು ಯಾವ ಖಜಾನೆಗೂ ಇಷ್ಟವಿಲ್ಲ. ಕ್ರಿಮಿಯಾ ಯುದ್ಧದಲ್ಲಿ ಬ್ರಿಟನ್ನಿಗೆ ಹಡಗುಗಳಿದ್ದರೂ ನುರಿತ ಕೈಗಳು ಸಾಲದೆ ಬಂದವು. ಬಂದರಿನಲ್ಲಿ ಸಿಕ್ಕವರನ್ನು ಬಲವಂತವಾಗಿ ಎಳೆದೊಯ್ಯುವ ಕಾಲವೂ ಮುಗಿದಿತ್ತು. ಹಾಗಾಗಿ ವಾಣಿಜ್ಯ ಹಡಗುಗಳ ನಾವಿಕರಲ್ಲಿ 30,000 ಜನರವರೆಗೆ ಹೆಸರು ಬರೆಸಿಕೊಳ್ಳಲು 1859ರಲ್ಲಿ ಪಾರ್ಲಿಮೆಂಟು ಕಾಯಿದೆ ಮಾಡಿತು. ಅದೇ ರಾಯಲ್ ನೇವಲ್ ರಿಸರ್ವ್. ವರ್ಷಕ್ಕೆ 28 ದಿನಗಳವರೆಗೆ ಫಿರಂಗಿ ತರಬೇತಿ, ಕೈಗೆ 6 ಪೌಂಡು. ಕರೆ ಬಂದರೆ ಹೊರಡಬೇಕು.

ವೃತ್ತಿಯಿಂದ ಲೆಕ್ಕಪರಿಶೋಧಕನಾದ ನನಗೆ ಇದು ಮೊದಲ ನೋಟಕ್ಕೆ ಸೊಗಸಾದ ಬಜೆಟ್. ವಕೀಲರಿಗೆ ರಿಟೇನರ್ ಕೊಟ್ಟಿಟ್ಟ ಹಾಗೆ. ಉಳಿದ ಹನ್ನೊಂದು ತಿಂಗಳ ಹೊಟ್ಟೆಪಾಡು ಹಡಗು ಕಂಪನಿಯದು. ಆದರೆ ಒಬ್ಬನೇ ಮನುಷ್ಯ ಎರಡು ಲೆಡ್ಜರಿನಲ್ಲಿದ್ದಾನೆ: ಯುದ್ಧ ಬಂದಾಗ ದೇಶಕ್ಕೆ ಧಾನ್ಯ ತರುವ ಹಡಗಿಗೂ ಅವನೇ ಬೇಕು.

ಮುಂದೆ ಮೀನುಗಾರರನ್ನೂ ಸೇರಿಸಿಕೊಂಡರು. ರೊಕ್ಕದ ಮುಖ ಅಪರೂಪಕ್ಕೆ ಕಾಣುವ ಊರುಗಳಲ್ಲಿ ಇಷ್ಟು ಹಣ ಸಣ್ಣದಲ್ಲ. ಸ್ಕಾಟ್ಲೆಂಡಿನ ಪಶ್ಚಿಮದ ಲೂಯಿಸ್ ದ್ವೀಪದಲ್ಲಿ ತುಂಡು ಹೊಲ, ದೋಣಿ, ಹೆರಿಂಗ್ ಮೀನು, ಇವಿಷ್ಟೇ ಬದುಕು. ಅಲ್ಲಿನ ಗಂಡಸರು ದೊಡ್ಡ ಸಂಖ್ಯೆಯಲ್ಲಿ ಹೆಸರು ಕೊಟ್ಟರು. ಕಡಿಮೆ ಖರ್ಚಿನ ಪಡೆ ಎಲ್ಲಿ ಸುಲಭವಾಗಿ ಸಿಗುತ್ತದೋ ಅಲ್ಲೇ ಗುಂಪಾಗುತ್ತದೆ. ನಷ್ಟವೂ ಅಲ್ಲೇ ಗುಂಪಾಗಿ ಬೀಳುತ್ತದೆ.

1914ರ ಆಗಸ್ಟಿನಲ್ಲಿ ಕರೆ ಬಂತು. ಈ ಸಲ ಲೆಕ್ಕ ತಿರುಗುಮುರುಗು: ಜನ ಇದ್ದಾರೆ, ಹಡಗಿನಲ್ಲಿ ಜಾಗವಿಲ್ಲ! ಹೆಚ್ಚುವರಿಯಾದ ಸಾವಿರಾರು ಮಂದಿಗೆ ಬಂದೂಕು ಕೊಟ್ಟು ರಾಯಲ್ ನೇವಲ್ ಡಿವಿಷನ್ ಎಂಬ ಕಾಲಾಳುಪಡೆ ಕಟ್ಟಿದರು. ಅಕ್ಟೋಬರಿನಲ್ಲಿ ಆಂಟ್ವರ್ಪ್ ಬಿದ್ದಾಗ ಸುಮಾರು 1,500 ಮಂದಿ ಗಡಿ ದಾಟಿ ಹಾಲೆಂಡಿನಲ್ಲಿ ಸೆರೆಯಾದರು. ಅವರಲ್ಲಿ ಲೂಯಿಸ್ ದ್ವೀಪದವರೂ ಇದ್ದರು.

ಯುದ್ಧ ಮುಗಿಯಿತು. 1918ರ ಡಿಸೆಂಬರ್ 31ರ ರಾತ್ರಿ, ಹೊಸವರ್ಷಕ್ಕೆ ರಜೆ ಸಿಕ್ಕ ಮೀಸಲು ನಾವಿಕರು ಕೈಲ್ ಬಂದರಿನಲ್ಲಿ ತುಂಬಿಹೋಗಿದ್ದರು. ದಿನದ ಅಂಚೆ ಹಡಗಿನಲ್ಲಿ ಎಲ್ಲರಿಗೂ ಎಡೆಯಿಲ್ಲದೆ, ನೌಕಾಪಡೆಯ ‘ಅಯೊಲೇರ್’ ಎಂಬ ವಿಹಾರನೌಕೆಯಲ್ಲಿ ಸುಮಾರು 280 ಮಂದಿಯನ್ನು ಕಳಿಸಿದರು. ಅದರ ಜೀವರಕ್ಷಕ ದೋಣಿಗಳಲ್ಲಿ ಜಾಗ 100 ಮಂದಿಗೆ. ತೇಲುವ ಕವಚಗಳು 80. ನಸುಕಿನ ಕತ್ತಲಲ್ಲಿ, ಸ್ಟಾರ್ನೊವೇ ಬಂದರಿನ ಬಾಗಿಲಲ್ಲೇ, ಅದು ಬಂಡೆಗೆ ಬಡಿಯಿತು. ದಡ ಕೆಲವೇ ಗಜ ದೂರ. ಜಾನ್ ಮೆಕ್ಲಿಯಾಡ್ ಎಂಬವರು ಹಗ್ಗ ಹಿಡಿದು ದಡಕ್ಕೆ ಈಜಿದರು. ಆ ಹಗ್ಗ ಹಿಡಿದು ಸುಮಾರು 40 ಮಂದಿ ಬದುಕಿದರು. ಸತ್ತವರು 201.

ನಾಲ್ಕು ವರ್ಷದ ಯುದ್ಧದಲ್ಲಿ ಆ ದ್ವೀಪ ಆಗಲೇ ನೂರಾರು ಗಂಡಸರನ್ನು ಕಳೆದುಕೊಂಡಿತ್ತು. ಎರಡು ವಾರ ಕಳೆಯುತ್ತಲೇ, ಹತ್ತಾರು ಶವಗಳು ಇನ್ನೂ ಸಿಕ್ಕಿರದಾಗಲೇ, ಒಡೆದ ಹಡಗನ್ನು ಅಡ್ಮಿರಾಲ್ಟಿ ಮಾರಾಟಕ್ಕಿಟ್ಟಿತು.