ಲ್ಯಾಪ್‌ಟಾಪ್ ಪರದೆಯ ಆಯ್ಕೆ: ಇಂಚು, ಪಿಕ್ಸೆಲ್ ಮತ್ತು ನಮ್ಮ ಒತ್ತಕ್ಷರಗಳು

ಲ್ಯಾಪ್‌ಟಾಪ್ ಕೊಳ್ಳಲೆಂದು ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಗೋ, ದೆಹಲಿಯ ನೆಹರೂ ಪ್ಲೇಸಿಗೋ, ಚೆನ್ನೈಯ ರಿಚ್ಚಿ ಸ್ಟ್ರೀಟಿಗೋ ಹೋಗುವವರು ಪ್ರೊಸೆಸರ್ ಯಾವುದು, ಮೆಮೊರಿ ಎಷ್ಟು ಎಂಬುದನ್ನು ಕೂಲಂಕಷವಾಗಿ ವಿಚಾರಿಸುತ್ತಾರೆ. ಪರದೆಯ ವಿಷಯ ಬಂದಾಗ ಮಾತ್ರ ‘ಎಷ್ಟು ಇಂಚು?’ ಎಂಬ ಒಂದೇ ಪ್ರಶ್ನೆಗೆ ವಿಚಾರಣೆ ಮುಗಿದುಹೋಗುತ್ತದೆ. ಮೆಮೊರಿಯನ್ನು ಹಲವು ಮಾದರಿಗಳಲ್ಲಿ ಆಮೇಲೂ ಹೆಚ್ಚಿಸಿಕೊಳ್ಳಬಹುದು. ಪರದೆ ಹಾಗಲ್ಲ, ಕೊಂಡ ದಿನ ಬಂದದ್ದನ್ನೇ ಐದಾರು ವರ್ಷ ದಿಟ್ಟಿಸುತ್ತ ಕುಳಿತಿರಬೇಕು. ಕನ್ನಡದಲ್ಲಿ ಓದಿ ಬರೆಯುವವರಿಗೆ ಇದರಿಂದ ಆಗುವ ಲಾಭನಷ್ಟ ಇಂಗ್ಲಿಷ್ ಮಾತ್ರ ಬಳಸುವವರಿಗಿಂತ ಹೆಚ್ಚು.

ಈ ಮಾತನ್ನು ಅನುಭವದಿಂದಲೇ ಹೇಳುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ ಒಂದು ಸ್ಮರಣ ಸಂಚಿಕೆಯ ಕರಡು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಕಾಗದದ ಮೇಲೆ ಮುದ್ರಿಸಿಕೊಳ್ಳದೆ ಎಲ್ಲವನ್ನೂ ಲ್ಯಾಪ್‌ಟಾಪಿನಲ್ಲೇ ಓದಿ ಮುಗಿಸಿದೆ. ಸಂಚಿಕೆ ಅಚ್ಚಾಗಿ ಬಂದಾಗ ಹಿರಿಯರೊಬ್ಬರ ‘ಬಾಳಿನ ಅರ್ಥ’ ಎಂಬ ಕವಿತೆ ‘ಬಾಳಿನ ಅರ್ಧ’ ಆಗಿತ್ತು. ಅವರು ನಕ್ಕು ಸುಮ್ಮನಾದರು; ನನಗೆ ಇಂದಿಗೂ ಆ ಪುಟ ತೆರೆಯಲು ಸಂಕೋಚ. ತಪ್ಪು ನನ್ನದೇ ಆದರೂ ಆ ಪರದೆಯ ಮೇಲೆ ‘ಥ’ಕಾರದ ಒಳಗಿನ ಚುಕ್ಕೆ ಮತ್ತು ‘ಧ’ಕಾರದ ಕೆಳಗಿನ ಸೀಳು ಎರಡೂ ಒಂದೇ ಬೂದುಬಣ್ಣದ ಕಲೆಯಂತೆ ಕಾಣುತ್ತಿದ್ದವು ಎಂಬುದೂ ನಿಜ.

ಮೊದಲು ಇಂಚಿನ ಲೆಕ್ಕ. ಅಂಗಡಿಯವರು ಹೇಳುವ ಇಂಚು ಪರದೆಯ ಅಗಲವೂ ಅಲ್ಲ, ಎತ್ತರವೂ ಅಲ್ಲ. ಒಂದು ಮೂಲೆಯಿಂದ ಎದುರು ಮೂಲೆಗೆ ಇರುವ ಕರ್ಣದ ಅಳತೆ. ಆದುದರಿಂದ ಆಕಾರ ಬದಲಾದರೆ ಅದೇ ಇಂಚಿನಲ್ಲಿ ಸಿಗುವ ಜಾಗವೂ ಬದಲಾಗುತ್ತದೆ. ಹಿಂದಿನ 4:3 ಆಕಾರದ 15 ಇಂಚಿನ ಪರದೆ 12 ಇಂಚು ಅಗಲ, 9 ಇಂಚು ಎತ್ತರವಿದ್ದು ಅದರ ವಿಸ್ತೀರ್ಣ 108 ಚದರ ಇಂಚು. ಅನಂತರ ಬಂದ 16:9 ಆಕಾರದ 15.6 ಇಂಚಿನ ಪರದೆಯ ವಿಸ್ತೀರ್ಣ ಸುಮಾರು 104 ಚದರ ಇಂಚು ಮಾತ್ರ. ಎತ್ತರವಂತೂ ಏಳೂಮುಕ್ಕಾಲು ಇಂಚಿಗಿಂತ ಕಡಿಮೆ. ಸಂಖ್ಯೆ ದೊಡ್ಡದಾಯಿತು, ಪರದೆ ಚಿಕ್ಕದಾಯಿತು! ಸಿನಿಮಾ ನೋಡುವವರಿಗೆ ಈ ಅಗಲದ ಆಕಾರ ಹಿತ. ಪುಟ ಓದುವವರಿಗೆ ಬೇಕಾದದ್ದು ಎತ್ತರ. ಈಚಿನ ವರ್ಷಗಳಲ್ಲಿ ಅನೇಕ ತಯಾರಕರು 16:10 ಆಕಾರಕ್ಕೆ ಮರಳಿರುವುದು ಓದುಗರ ಮಟ್ಟಿಗೆ ಒಳ್ಳೆಯ ಸುದ್ದಿ. ಎರಡು ಮಾದರಿಗಳ ಬೆಲೆ ಹತ್ತಿರದಲ್ಲಿದ್ದರೆ 1920×1080 ಇರುವುದನ್ನು ಬಿಟ್ಟು 1920×1200 ಇರುವುದನ್ನು ಆರಿಸಿಕೊಳ್ಳುವುದು ಜಾಣತನ.

ಈ ಗುಣಾಕಾರದ ಸಂಖ್ಯೆಗಳೇ ರೆಸಲ್ಯೂಶನ್, ಅಂದರೆ ಅಡ್ಡಲಾಗಿ ಎಷ್ಟು ಚುಕ್ಕೆಗಳು, ಲಂಬವಾಗಿ ಎಷ್ಟು ಚುಕ್ಕೆಗಳು ಎಂಬ ಎಣಿಕೆ. ಈ ಚುಕ್ಕೆಗೇ ಪಿಕ್ಸೆಲ್ ಎಂದು ಹೆಸರು. 1366×768 ಪರದೆಯಲ್ಲಿ ಹತ್ತೂವರೆ ಲಕ್ಷದಷ್ಟು, 1920×1080 ಪರದೆಯಲ್ಲಿ ಇಪ್ಪತ್ತು ಲಕ್ಷಕ್ಕೂ ಮೀರಿ, 3840×2160 ಪರದೆಯಲ್ಲಿ ಎಂಬತ್ತಮೂರು ಲಕ್ಷದ ಸಮೀಪ ಚುಕ್ಕೆಗಳಿರುತ್ತವೆ. ಆದರೆ ಕಣ್ಣಿಗೆ ಮುಖ್ಯವಾದುದು ಒಟ್ಟು ಎಣಿಕೆಯಲ್ಲ, ಒಂದು ಇಂಚಿನೊಳಗೆ ಎಷ್ಟು ಚುಕ್ಕೆಗಳು ಕೂಡುತ್ತವೆ ಎಂಬ ಸಾಂದ್ರತೆ. 15.6 ಇಂಚಿನಲ್ಲಿ ಮೊದಲನೆಯದು ಇಂಚಿಗೆ ಸುಮಾರು 100, ಎರಡನೆಯದು 141, ಮೂರನೆಯದು 282. ಅದೇ 1920×1080 ಚುಕ್ಕೆಗಳು 14 ಇಂಚಿಗೆ ಬಂದರೆ ಸಾಂದ್ರತೆ 157 ಆಗುತ್ತದೆ.

ಎಷ್ಟಿದ್ದರೆ ಸಾಕು? ಸಾಮಾನ್ಯ ದೃಷ್ಟಿಯುಳ್ಳವರ ಕಣ್ಣು ಒಂದು ಡಿಗ್ರಿಯ ಅರುವತ್ತನೆಯ ಒಂದು ಪಾಲಿನಷ್ಟು ಸೂಕ್ಷ್ಮವನ್ನು ಬೇರ್ಪಡಿಸಿ ಕಾಣಬಲ್ಲದು ಎಂಬುದು ನೇತ್ರವೈದ್ಯರು ಬಳಸುವ ಅಳತೆ. ಲ್ಯಾಪ್‌ಟಾಪನ್ನು ಐವತ್ತರಿಂದ ಅರುವತ್ತು ಸೆಂಟಿಮೀಟರ್ ದೂರದಲ್ಲಿಟ್ಟುಕೊಂಡರೆ ಇದು ಇಂಚಿಗೆ ಸುಮಾರು 145ರಿಂದ 175 ಚುಕ್ಕೆಗಳಿಗೆ ಸಮ. ಸರಿಸುಮಾರು ಈ ಮಟ್ಟ ದೊರೆತರೆ ಓದುವ ಕೆಲಸಕ್ಕೆ ಕೊರತೆಯಿಲ್ಲ. ಇನ್ನೂರು ದಾಟಿದರೆ ಅಕ್ಷರದ ಅಂಚು ಅಚ್ಚಿನಂತೆ ನುಣುಪಾಗುವುದು ದಿಟ, 15.6 ಇಂಚಿನ ಲ್ಯಾಪ್‌ಟಾಪಿನಲ್ಲಿ 282ರವರೆಗೆ ಹೋಗುವುದು ಮಾತ್ರ, ಚಿತ್ರಸಂಸ್ಕರಣದಂಥ ಕಾಯಕವಿಲ್ಲದವರಿಗೆ, ಬೆಲೆಯನ್ನೂ ಬ್ಯಾಟರಿಯ ಖರ್ಚನ್ನೂ ಏರಿಸಿಕೊಳ್ಳುವ ದಾರಿಯೇ ಸರಿ.

ಇಂಗ್ಲಿಷಿನ ಅಕ್ಷರ ಒಂದೇ ಸಾಲಿನಲ್ಲಿ ನಿಲ್ಲುತ್ತದೆ. ನಮ್ಮ ಲಿಪಿಯಲ್ಲಿ ಮೇಲೆ ತಲೆಕಟ್ಟು ಇಲ್ಲವೇ ಗುಡಿಸು, ನಡುವೆ ಅಕ್ಷರದ ಒಡಲು, ಕೆಳಗೆ ಒತ್ತು; ‘ರಾಷ್ಟ್ರ’ದಂಥ ಪದದಲ್ಲಿ ಎರಡೆರಡು ಒತ್ತುಗಳು. ಸಾಮಾನ್ಯ ಗಾತ್ರವಾದ 12 ಪಾಯಿಂಟಿನ ಅಕ್ಷರಕ್ಕೆ ವಿಂಡೋಸ್ ತನ್ನ ಮೂಲ ಲೆಕ್ಕದಲ್ಲಿ ಕೊಡುವುದು ಹದಿನಾರು ಚುಕ್ಕೆಗಳ ಎತ್ತರ. ಅಷ್ಟರೊಳಗೆ ಇಷ್ಟೆಲ್ಲವೂ ಅಡಗಬೇಕೆಂದಾಗ ಒತ್ತಿಗೆ ಉಳಿಯುವುದು ಕೆಲವೇ ಚುಕ್ಕೆಗಳು. ಪ, ಷ, ಫ, ಬ, ಭ, ದ, ಥ, ಧ ಇವುಗಳ ನಡುವಣ ವ್ಯತ್ಯಾಸ ಒಂದು ಗೆರೆ ಅಥವಾ ಒಂದು ಸೀಳು ಅಷ್ಟೆ. ಅಲ್ಪಪ್ರಾಣ, ಮಹಾಪ್ರಾಣಗಳ ಗೊಂದಲಕ್ಕೆ ನಾವು ಮಕ್ಕಳನ್ನು ದೂರುವ ಮುನ್ನ ಅವರು ಓದುತ್ತಿರುವ ಪರದೆಯನ್ನೂ ಒಮ್ಮೆ ನೋಡಬೇಕು, ವಿಶೇಷವಾಗಿ ಶಾಲೆಯಲ್ಲಿ ಕನ್ನಡವಿಲ್ಲದೆ ಮನೆಯಲ್ಲಿ ಅಕ್ಷರ ಕಲಿಯುತ್ತಿರುವ ಹೊರನಾಡಿನ ಮಕ್ಕಳ ವಿಷಯದಲ್ಲಿ.

ಇಲ್ಲಿ ಹಿರಿಯರಿಂದ ಒಂದು ಆಕ್ಷೇಪ ಕೇಳಿಬರುವುದುಂಟು: ‘ರೆಸಲ್ಯೂಶನ್ ಹೆಚ್ಚಿದ್ದರೆ ಅಕ್ಷರ ಚಿಕ್ಕದಾಗುತ್ತದಲ್ಲ, ನಮಗೆ ಕಡಿಮೆಯದೇ ಒಳ್ಳೆಯದು’. ಇದು ಅರ್ಧಸತ್ಯ. ಚುಕ್ಕೆಗಳು ಸಣ್ಣವಾದಾಗ ಹದಿನಾರು ಚುಕ್ಕೆಗಳ ಅಕ್ಷರವೂ ಸಣ್ಣದಾಗುವುದು ಸರಿಯೆ. ಅದಕ್ಕೆ ಪರಿಹಾರ ರೆಸಲ್ಯೂಶನ್ ತಗ್ಗಿಸುವುದಲ್ಲ. ಹಾಗೆ ಮಾಡಿದರೆ ಪರದೆಯ ಸಹಜ ಚುಕ್ಕೆಗಳಿಗೂ ಚಿತ್ರಕ್ಕೂ ಹೊಂದಾಣಿಕೆ ತಪ್ಪಿ ಎಲ್ಲವೂ ಮಸುಕಾಗುತ್ತದೆ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಸ್ಕೇಲ್ ಎಂಬುದನ್ನು 125 ಅಥವಾ 150 ಪ್ರತಿಶತಕ್ಕೆ ಏರಿಸಬೇಕು. 15.6 ಇಂಚಿನ 1366×768 ಪರದೆಯಲ್ಲಿ ಹದಿನಾರು ಚುಕ್ಕೆಗಳ ಎತ್ತರವೆಂದರೆ ಸುಮಾರು 4 ಮಿಲಿಮೀಟರ್. ಅದೇ ಅಳತೆಯ 1920×1080 ಪರದೆಯಲ್ಲಿ 150 ಪ್ರತಿಶತ ಇಟ್ಟರೆ ಎತ್ತರ 4.3 ಮಿಲಿಮೀಟರ್, ಆದರೆ ಅದರೊಳಗೆ ಹದಿನಾರರ ಬದಲು ಇಪ್ಪತ್ತನಾಲ್ಕು ಚುಕ್ಕೆಗಳು. ಅಕ್ಷರ ತುಸು ದೊಡ್ಡದೂ ಆಯಿತು, ಸ್ಪಷ್ಟವೂ ಆಯಿತು. ಕನ್ನಡಕ ಹಾಕುವ ತಂದೆತಾಯಿಯರಿಗೆ ಲ್ಯಾಪ್‌ಟಾಪ್ ಕೊಡಿಸುವವರು ಈ ಒಂದು ಬದಲಾವಣೆಯನ್ನು ತಾವೇ ಮಾಡಿಕೊಟ್ಟು ಬರುವುದು ಒಳಿತು.

ಇದಕ್ಕೂ ಒಂದು ಅಪವಾದವಿದೆ. ಪೇಜ್‌ಮೇಕರ್‌ನಂಥ ಹಳೆಯ ತಂತ್ರಾಂಶಗಳು (ಅದರ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ) ಈ ಹಿಗ್ಗಿಸುವಿಕೆಯನ್ನು ಅರಿಯವು. ವಿಂಡೋಸ್ ಅವುಗಳ ಚಿತ್ರವನ್ನು ಎಳೆದು ತೋರಿಸುವುದರಿಂದ ಅಲ್ಲಿ ಮಾತ್ರ ಅಕ್ಷರ ಮಂಜಾಗಿ ಕಾಣಬಹುದು. ಹಳೆಯ ಕಡತಗಳನ್ನು ಈಗಲೂ ಅವುಗಳಲ್ಲೇ ತಿದ್ದುವವರು ಈ ಮಾತನ್ನು ಗಮನದಲ್ಲಿಟ್ಟುಕೊಂಡು 16 ಇಂಚಿನ 1920×1200ರಂಥ ಮಧ್ಯಮ ಸಾಂದ್ರತೆಯ ಪರದೆಯನ್ನು ಆರಿಸಿಕೊಳ್ಳಬಹುದು.

ಅಳತೆಯ ಆಯ್ಕೆಯನ್ನು ಬಹುಮಟ್ಟಿಗೆ ದಿನಚರಿಯೇ ನಿರ್ಧರಿಸುತ್ತದೆ. ಡೊಂಬಿವಿಲಿಯಿಂದ ಬೆಳಗಿನ ಲೋಕಲ್ ಹಿಡಿಯುವವರ ಬೆನ್ನಿಗೆ ಪ್ರತಿ ನೂರು ಗ್ರಾಮಿನ ಲೆಕ್ಕವೂ ತಿಳಿಯುತ್ತದೆ. ಅವರಿಗೆ 13 ಅಥವಾ 14 ಇಂಚು ಸಾಕು. ಮನೆಯ ಮೇಜಿನ ಮೇಲೆಯೇ ಇರುವುದಾದರೆ 15.6 ಅಥವಾ 16 ಇಂಚು. ಆದರೆ ದೊಡ್ಡ ಮಾದರಿಗಳು ಹಲವು ಬಲಗಡೆ ಅಂಕಿಗಳ ಪ್ರತ್ಯೇಕ ಕೀಲಿಗಳನ್ನು ಹೊಂದಿದ್ದು, ಟೈಪ್ ಮಾಡುವಾಗ ಕೈಗಳು ಎಡಕ್ಕೆ ಸರಿಯುತ್ತವೆ. ಲೆಕ್ಕಪತ್ರ ಬರೆಯುವ ಖಜಾಂಚಿಗಳಿಗೆ ವರವಾದ ಈ ಸೌಲಭ್ಯ ಲೇಖಕರಿಗೆ ಉಪದ್ರವ. ಇನ್ನು ಹೊಳಪಿನ ಪರದೆಗಿಂತ ಮ್ಯಾಟ್ ಪರದೆ ಕಿಟಕಿಯ ಬೆಳಕಿನಲ್ಲಿ ಹಿತಕರ. ಟಿಎನ್ ಪರದೆಗಿಂತ ಐಪಿಎಸ್ ಪರದೆ ಓರೆಯಿಂದ ನೋಡಿದಾಗಲೂ ಬಣ್ಣಗೆಡದು.

ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟ ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ಬಣ್ಣಬಣ್ಣದ ಮೀನುಗಳೋ ಪರ್ವತಗಳೋ ಓಡುತ್ತಿರುತ್ತವೆ. ಅದನ್ನು ನಿಲ್ಲಿಸಿ ಯಾವುದಾದರೊಂದು ಕನ್ನಡ ಪುಟ ತೆರೆಯಲು ಹೇಳಿ. ಅರ್ಥ, ಅರ್ಧ, ಫಲ, ಷಟ್ಪದಿ, ಸ್ತ್ರೀತ್ವ, ರಾಷ್ಟ್ರ ಎಂಬ ಪದಗಳನ್ನು 12 ಪಾಯಿಂಟಿನಲ್ಲಿ ಬರೆಸಿ, ನಿತ್ಯ ಧರಿಸುವ ಕನ್ನಡಕವನ್ನೇ ಧರಿಸಿ, ಒಂದು ಮೊಳ ದೂರದಿಂದ ಓದಿ ನೋಡಿ. ಮಾರಾಟದ ಹುಡುಗ ವಿಚಿತ್ರವಾಗಿ ನೋಡಬಹುದು, ನೋಡಲಿ. ‘ಥ’ದ ಚುಕ್ಕೆಗಾಗಿ ಮುಂದೆ ಬಾಗಬೇಕಾಗಿ ಬಂದರೆ ಪಕ್ಕದಲ್ಲಿಟ್ಟಿರುವ ಇನ್ನೊಂದನ್ನು ತೋರಿಸಲು ಕೇಳಿ.