ಸ್ತ್ರೀಧನವೂ ವರದಕ್ಷಿಣೆಯೂ

ಶಹಾಬಾದಿನ ಸಮೀಪದ ಮರತೂರು ದೊಡ್ಡ ಊರೇನೂ ಅಲ್ಲ. ಆದರೆ ಮಿತಾಕ್ಷರಾಕಾರನಾದ ವಿಜ್ಞಾನೇಶ್ವರನ ಹೆಸರು ಅದರೊಡನೆ ಕೂಡಿಕೊಂಡಿರುವುದರಿಂದ ಧರ್ಮಶಾಸ್ತ್ರದ ಚರಿತ್ರೆಯನ್ನು ಬಲ್ಲವರಿಗೆ ಅದು ಅಪರಿಚಿತವಲ್ಲ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ (೧೦೭೬–೧೧೨೬) ಯಾಜ್ಞವಲ್ಕ್ಯಸ್ಮೃತಿಗೆ ಟೀಕೆಯನ್ನು ರಚಿಸಿದ ಈ ಪಂಡಿತನು ಸ್ತ್ರೀಧನದ ಪ್ರಕರಣದಲ್ಲಿ ತನ್ನ ಕಾಲಕ್ಕೆ ಬಹು ಧೀರವಾದ ಮಾತನ್ನಾಡಿದನು. ತಂದೆತಾಯಿಗಳೂ ಪತಿಯೂ ಸಹೋದರರೂ ಕೊಟ್ಟುದು, ವಿವಾಹಾಗ್ನಿಯ ಸಮೀಪದಲ್ಲಿ ದೊರೆತುದು ಮೊದಲಾದುವನ್ನು ಎಣಿಸಿ ಸ್ಮೃತಿಕಾರನು ಕೊನೆಗೆ ‘ಆದ್ಯ’ ಎಂಬ ಪದವನ್ನಿಟ್ಟಿರುವನು. ಆ ಒಂದು ಪದದಲ್ಲಿ ದಾಯ, ಕ್ರಯ, ವಿಭಾಗ, ಪರಿಗ್ರಹ, ಅಧಿಗಮಗಳಿಂದ ಬಂದ ಸಮಸ್ತ ಸ್ವತ್ತೂ ಅಡಗಿದೆಯೆಂದು ವಿಜ್ಞಾನೇಶ್ವರನು ವ್ಯಾಖ್ಯಾನಿಸಿದನು. ದುರ್ಭಿಕ್ಷ, ಧರ್ಮಕಾರ್ಯ, ವ್ಯಾಧಿ, ಬಂಧನ ಇವುಗಳ ಸಂದರ್ಭದಲ್ಲಿ ಪತಿಯು ಅದನ್ನು ತೆಗೆದುಕೊಂಡರೆ ಹಿಂದಿರುಗಿಸಬೇಕಾದುದಿಲ್ಲ. ಮಿಕ್ಕ ವೇಳೆಯಲ್ಲಿ ಕೊಡಲೇ ಬೇಕು. ಪತಿಯಲ್ಲದೆ ಇತರರು ಅದನ್ನು ಮುಟ್ಟುವಂತೆಯೇ ಇಲ್ಲ. ಅತ್ತೆಮಾವಂದಿರ ಮಾತಂತೂ ದೂರವೇ ಉಳಿಯಿತು.

ಈ ವಿಶಾಲವಾದ ಅರ್ಥವನ್ನು ಸಂಕುಚಿತಗೊಳಿಸಿದವರು ಲಂಡನ್ನಿನ ಪ್ರಿವಿ ಕೌನ್ಸಿಲಿನ ನ್ಯಾಯಾಧೀಶರು. ಪತಿಯಿಂದ ದಾಯವಾಗಿ ಬಂದುದು ಸ್ತ್ರೀಧನವಲ್ಲವೆಂದು ೧೮೬೭ರಲ್ಲಿಯೂ, ಸ್ತ್ರೀಯಿಂದ ದಾಯವಾಗಿ ಬಂದುದೂ ಅಲ್ಲವೆಂದು ೧೯೦೩ರಲ್ಲಿಯೂ ತೀರ್ಪಾಯಿತು.

ಇಷ್ಟು ಹಳೆಯ ವಿಷಯವನ್ನು ಎತ್ತಿದುದಕ್ಕೆ ಕಾರಣವುಂಟು. ವರದಕ್ಷಿಣೆಯ ನಿಮಿತ್ತ ವಧುಗಳು ಸಾಯುವುದನ್ನು ಕುರಿತು ವಿದ್ವಾಂಸರಿಗೂ ಸ್ತ್ರೀಸಂಘಗಳ ಕಾರ್ಯಕರ್ತೆಯರಿಗೂ ನಡೆದ ವಾದವು ಸುತ್ತಿ ಸುತ್ತಿ ಈ ಪದದ ಬಳಿಗೇ ಬಂದು ನಿಲ್ಲುತ್ತದೆ. ೧೯೭೩ರಲ್ಲಿ ಜ್ಯಾಕ್ ಗೂಡಿ, ತಾಂಬಯ್ಯ ಎಂಬ ಮಾನವಶಾಸ್ತ್ರಜ್ಞರು ಕೂಡಿ ಪ್ರಕಟಿಸಿದ ಗ್ರಂಥದಲ್ಲಿ, ಮಗಳಿಗೆ ಮದುವೆಯಲ್ಲಿ ಕೊಡುವ ಧನವನ್ನು ಶಾಸ್ತ್ರದ ಸ್ತ್ರೀಧನದೊಡನೆ ಸೇರಿಸಿ, ಅದು ತಂದೆಯ ಜೀವಿತಕಾಲದಲ್ಲಿಯೇ ಅವಳಿಗೆ ಸಲ್ಲುವ ದಾಯಭಾಗವೆಂಬಂತೆ ನಿರೂಪಿಸಲಾಯಿತು. ಶಾಸ್ತ್ರವನ್ನು ಓದಿದರೆ ಇದು ಸರಿಯೇ. ಆದರೆ ಸೇಡಂ, ಚಿತ್ತಾಪುರ, ಚಿಂಚೋಳಿಗಳ ಮನೆಗಳಲ್ಲಾಗಲಿ ವಾಡಿಯ ರೈಲ್ವೆ ವಸತಿಗಳಲ್ಲಾಗಲಿ ಮದುವೆಯ ಮಾತುಕತೆಗೆ ಕುಳಿತವರು ಈ ಲೆಕ್ಕವನ್ನು ಒಪ್ಪುವರೆ? ಇಲ್ಲಿನವರು ವರದಕ್ಷಿಣೆಯೆನ್ನುವುದನ್ನು ತೆಲುಗರು ಕಟ್ನವೆಂದೂ ಮರಾಠಿಗರು ಹುಂಡಾ ಎಂದೂ ಕರೆಯುವರು. ಹೆಸರು ಯಾವುದಾದರೂ ಆಗಲಿ, ಹಣವು ಹೋಗಿ ಸೇರುವುದು ವರನ ತಂದೆಯ ಕೈಗೆ.

ಈ ಭೇದವನ್ನು ವಿದ್ವತ್ಪೀಠದಿಂದಲೇ ಎತ್ತಿ ತೋರಿಸಿದವರು ಮೈಸೂರಿನ ಎಂ. ಎನ್. ಶ್ರೀನಿವಾಸರು. ಮೈಸೂರು ಸೀಮೆಯ ವಿವಾಹ ಮತ್ತು ಕುಟುಂಬಗಳನ್ನು ಕುರಿತ ಅವರ ೧೯೪೨ರ ಗ್ರಂಥದಲ್ಲಿ ಬ್ರಾಹ್ಮಣರ ವರದಕ್ಷಿಣೆಯೂ ಇತರ ಜಾತಿಗಳವರು ವಧುವಿನ ಕಡೆಗೆ ಕೊಡುತ್ತಿದ್ದ ತೆರವೂ ಬೇರೆಬೇರೆಯಾಗಿ ವರ್ಣಿತವಾಗಿವೆ. ಮುಂದೆ ತೆರ ಕೊಡುತ್ತಿದ್ದ ಜಾತಿಗಳಲ್ಲಿಯೂ ವರದಕ್ಷಿಣೆಯು ಹಬ್ಬಿತು. ಈಗಿನ ವರದಕ್ಷಿಣೆಯು ಇಂಗ್ಲಿಷ್ ವಿದ್ಯೆ, ನಗದು ಸಂಬಳ, ಸರ್ಕಾರಿ ನೌಕರಿಗಳ ಸಂತಾನವೇ ಹೊರತು ಸ್ತ್ರೀಧನದ ಸಂತಾನವಲ್ಲವೆಂಬುದು ೧೯೮೪ರಲ್ಲಿ ಅಚ್ಚಾದ ಅವರ ಉಪನ್ಯಾಸದ ತಿರುಳು.

ಆ ವೇಳೆಗೆ ಪ್ರಶ್ನೆಯು ಬೀದಿಗೆ ಬಂದಿತ್ತು. ೧೯೭೯ರಲ್ಲಿ ದಿಲ್ಲಿಯ ಸ್ತ್ರೀಸಂಘಗಳು, ಸುಟ್ಟು ಸತ್ತ ಸೊಸೆಯರ ಅತ್ತೆಮನೆಗಳ ಮುಂದೆ ಮೆರವಣಿಗೆ ಮಾಡಿದುವು. ‘ಮಾನುಷಿ’ ಪತ್ರಿಕೆಯು ೧೯೮೦ರಲ್ಲಿ, ವರದಕ್ಷಿಣೆಯ ಮದುವೆಗಳಿಗೆ ಹೋಗಬಾರದೆಂದು ಕರೆಯಿತ್ತಿತು. ಎಂಟು ವರ್ಷಗಳ ತರುವಾಯ ಅದರ ಸಂಪಾದಕಿ ಮಧು ಕಿಶ್ವರರು ತಮ್ಮ ಮಾತನ್ನು ತಾವೇ ಪರೀಕ್ಷಿಸಿದರು. ತೌರಿನ ಆಸ್ತಿಯಲ್ಲಿ ಪಾಲಿಲ್ಲದ ಹೆಣ್ಣಿಗೆ ಮದುವೆಯಲ್ಲಿ ಬರುವುದೂ ತಪ್ಪಿಹೋದರೆ ಉಳಿಯುವುದೇನು? ಬಹಿಷ್ಕಾರಕ್ಕಿಂತ ದಾಯದ ಹಕ್ಕಿಗಾಗಿ ಹೋರಾಡುವುದು ಲೇಸೆಂದು ಅವರಿಗೆ ತೋರಿತು. ಚಳವಳಿಯ ನಡುವೆ ನಿಂತು ತನ್ನ ಘೋಷಣೆಯನ್ನೇ ಹೀಗೆ ತೂಗಿ ನೋಡುವ ಧೈರ್ಯವು ಅಪರೂಪವಾದುದು; ಅದು ಎಲ್ಲ ಸಂಗಾತಿಗಳಿಗೂ ರುಚಿಸಲಿಲ್ಲ.

ಪಾಶ್ಚಾತ್ಯ ದೇಶಗಳಲ್ಲಿ ಬೇರೊಂದು ತೊಡಕು ಉಂಟಾಯಿತು. ಸತಿ, ಅಗ್ನಿ, ಪುರಾಣಗಳನ್ನು ಒಂದೇ ದಾರದಲ್ಲಿ ಪೋಣಿಸಿ ವಧುದಹನವನ್ನು ಹಿಂದೂ ಸಂಸ್ಕೃತಿಯ ಫಲವೆಂದು ವಿವರಿಸುವ ಬರಹಗಳು ಅಲ್ಲಿ ಹೊರಟುವು. ಮುಂಬಯಿಯಲ್ಲಿ ಹುಟ್ಟಿ ಅಮೆರಿಕೆಯಲ್ಲಿ ತತ್ತ್ವಶಾಸ್ತ್ರವನ್ನು ಬೋಧಿಸಿದ ಉಮಾ ನಾರಾಯಣರು ೧೯೯೭ರ ತಮ್ಮ ಗ್ರಂಥದಲ್ಲಿ ಇದನ್ನು ‘ಸಂಸ್ಕೃತಿಯಿಂದಾದ ಮರಣ’ವೆಂದು ಹೆಸರಿಸಿ ಖಂಡಿಸಿದರು. ಅಮೆರಿಕೆಯಲ್ಲಿ ಗಂಡನು ಹೆಂಡತಿಯನ್ನು ಕೋವಿಯಿಂದ ಕೊಂದರೆ ಯಾರೂ ಕ್ರೈಸ್ತಪುರಾಣವನ್ನು ತೆರೆಯುವುದಿಲ್ಲ. ಅಲ್ಲಿ ಕೋವಿ ಸುಲಭ, ಇಲ್ಲಿ ಸೀಮೆಯೆಣ್ಣೆ ಸುಲಭ. ಬೆಂಕಿಯು ಸಾಕ್ಷ್ಯವನ್ನೂ ನುಂಗುವುದು. ೨೦೦೨ರಲ್ಲಿ ವೀಣಾ ತಲವಾರ್ ಓಲ್ಡನ್‌ಬರ್ಗರು ಇದಕ್ಕೆ ವಿರುದ್ಧದ ತುದಿಗೆ ಹೋಗಿ, ಪಂಜಾಬದ ಬ್ರಿಟಿಷ್ ಕಂದಾಯವ್ಯವಸ್ಥೆಯಲ್ಲಿ ಈ ಅಪರಾಧದ ಮೂಲವನ್ನು ಹುಡುಕಿದರು. ಪಂಜಾಬಕ್ಕೆ ಅದು ಹೊಂದಬಹುದು; ಇಪ್ಪತ್ತನೆಯ ಶತಮಾನದಲ್ಲಿ ತೆರವು ಹೋಗಿ ವರದಕ್ಷಿಣೆಯು ಬಂದ ಕನ್ನಡನಾಡಿಗೆ ಶ್ರೀನಿವಾಸರ ವಿವರಣೆಯೇ ಹೆಚ್ಚು ಸಮೀಪವಾದುದು.

ಕನ್ನಡನಾಡಿನಲ್ಲಿ ಅತ್ಯಂತ ತೀಕ್ಷ್ಣವಾದ ಪ್ರಶ್ನೆಯನ್ನು ಕೇಳಿದವರು ೧೯೭೯ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ವಿಮೋಚನಾ ಸಂಸ್ಥೆಯವರು. ಅವರು ಸಿದ್ಧಾಂತವನ್ನು ಬಿಟ್ಟು ಲೆಕ್ಕವನ್ನು ಹಿಡಿದರು. ೧೯೯೭ರಲ್ಲಿ ಆ ನಗರದಲ್ಲಿ ಅಸ್ವಾಭಾವಿಕವಾಗಿ ಸತ್ತ ಸ್ತ್ರೀಯರು ೧,೧೩೩ ಮಂದಿ. ಅವುಗಳಲ್ಲಿ ೧೫೭ ಕೊಲೆಗಳೆಂದೂ ೫೪೬ ಆತ್ಮಹತ್ಯೆಗಳೆಂದೂ ೪೩೦ ಆಕಸ್ಮಿಕಗಳೆಂದೂ ದಾಖಲಾದುವು. ಆಕಸ್ಮಿಕವೆಂದರೆ ಬಹುಮಟ್ಟಿಗೆ ‘ಸ್ಟೌ ಸಿಡಿಯಿತು’ ಎಂಬ ಎರಡೇ ಪದಗಳು. ಸಿಡಿಯುವ ಒಲೆಯು ಅತ್ತೆಯನ್ನೂ ನಾದಿನಿಯನ್ನೂ ಬಿಟ್ಟು ಸೊಸೆಯನ್ನೇ ಆರಿಸಿಕೊಳ್ಳುವುದು ಹೇಗೆ? ವಿವಾಹವಾದ ಏಳು ವರ್ಷಗಳೊಳಗಿನ ಇಂತಹ ಮರಣಕ್ಕೆ ವರದಕ್ಷಿಣೆಯ ಕಾಟವು ಸೇರಿದ್ದರೆ ಶಿಕ್ಷೆಯಾಗಬೇಕೆಂಬ ಕಾನೂನು ೧೯೮೬ರಿಂದಲೂ ಇದ್ದಿತಷ್ಟೆ. ಆದರೆ ಕಡತವು ಆಕಸ್ಮಿಕವೆಂದು ಮುಚ್ಚಿಹೋದರೆ ಆ ಮರಣವು ವರದಕ್ಷಿಣೆಯ ಪಟ್ಟಿಗೆ ಏರುವುದೇ ಇಲ್ಲ. ಆ ಪಟ್ಟಿಯನ್ನು ನಂಬಿ ಬರೆದ ಪ್ರಬಂಧಗಳಲ್ಲಿಯೂ ಅವಳು ಇರುವುದಿಲ್ಲ.

ಬದುಕಿ ಉಳಿದವರಿಗೆ ನ್ಯಾಯಾಲಯದಲ್ಲಿ ಹಳೆಯ ಪದವೇ ಒದಗಿತು. ಪತ್ನಿಯ ಸ್ತ್ರೀಧನವು ಸಂಪೂರ್ಣವಾಗಿ ಅವಳದೇ, ಅದನ್ನು ವಶದಲ್ಲಿಟ್ಟುಕೊಂಡು ಕೊಡದಿರುವ ಗಂಡನೂ ಅವನ ಮನೆಯವರೂ ನಂಬಿಕೆದ್ರೋಹದ ಅಪರಾಧಿಗಳಾಗುವರು ಎಂದು ಸುಪ್ರೀಂ ಕೋರ್ಟು ೧೯೮೫ರಲ್ಲಿ ಪ್ರತಿಭಾ ರಾಣಿಯ ಮೊಕದ್ದಮೆಯಲ್ಲಿ ನಿರ್ಣಯಿಸಿತು. ಮಿತಾಕ್ಷರವನ್ನು ಓದಿದವರಿಗೆ ಇದರಲ್ಲಿ ಹೊಸತೇನೂ ಕಾಣದು.